ಪಿತ್ತಕೋಶದ ಹರಳಿಗೆ ಎಷ್ಟು ದೊಡ್ಡ ದವಾಖಾನೆ ಬೇಕು?

"ಇಲ್ಲೇ ಮಾಡಸೋಣೋ, ಹುಬ್ಬಳ್ಳಿಗೆ ಒಯ್ಯೋಣೋ?"

ನವನಗರದ ಯಾವುದಾದರೂ ಸ್ಕ್ಯಾನಿಂಗ್ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಅರ್ಧ ತಾಸು ಕುಳಿತರೆ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಕೇಳುವವರು ಬಾದಾಮಿಯಿಂದ, ಹುನಗುಂದದಿಂದ, ಇಳಕಲ್ಲಿನಿಂದ ಬೆಳಗಿನ ಬಸ್ಸು ಹಿಡಿದು ಬಂದವರು. ಮನೆಯ ಹೆಣ್ಣುಮಗಳಿಗೆ ತಿಂಗಳುಗಟ್ಟಲೆಯಿಂದ ಊಟವಾದ ಮೇಲೆ ಬಲ ಪಕ್ಕೆಲುಬಿನ ಕೆಳಗೆ ನೋವು. ಪಿತ್ತ ಹೆಚ್ಚಾಗಿದೆ ಎಂದುಕೊಂಡು ಜೀರಿಗೆ ಕಷಾಯ, ಸೋಡಾ, ಗುಳಿಗೆ ಎಲ್ಲ ಮುಗಿದಿವೆ. ಈಗ ಸ್ಕ್ಯಾನಿಂಗ್ ಚೀಟಿಯಲ್ಲಿ ಪಿತ್ತಕೋಶದ ತುಂಬ ಹರಳು ಎಂದು ಬಂದಿದೆ. ಡಾಕ್ಟರು ಧೈರ್ಯ ಹೇಳಿದ್ದಾರೆ: ಹೊಟ್ಟೆ ಕೊಯ್ಯುವುದಿಲ್ಲ, ನಾಲ್ಕು ಸಣ್ಣ ತೂತು ಅಷ್ಟೇ, ಎರಡು ಮೂರು ದಿನಕ್ಕೆ ಮನೆಗೆ ಹೋಗಬಹುದು. ಮನೆಯ ಹಿರಿಯರಿಗೆ ಮಾತ್ರ ಸಮಾಧಾನವಿಲ್ಲ. ನಾಲ್ಕು ತೂತೇ ಇರಲಿ, ಹತ್ತೇ ಇರಲಿ, ಜೀವದ ಪ್ರಶ್ನೆ. ದೊಡ್ಡ ಊರಿನ ದೊಡ್ಡ ದವಾಖಾನೆಯಲ್ಲಿ ಮಾಡಿಸಿದರೆ ಒಳ್ಳೆಯದಲ್ಲವೇ ಎಂಬುದು ಅವರ ವಾದ.

ವಾದ ತಪ್ಪೆಂದು ತಳ್ಳಿಹಾಕುವಂತಿಲ್ಲ. ಸರಿಯೆಂದು ಒಪ್ಪುವಂತೆಯೂ ಇಲ್ಲ. ಆಸ್ಪತ್ರೆಯ ಗಾತ್ರಕ್ಕೂ ರೋಗಿ ಸುಖವಾಗಿ ಮನೆಗೆ ಮರಳುವುದಕ್ಕೂ ಏನು ಸಂಬಂಧ ಎಂಬುದನ್ನು ಜಗತ್ತಿನ ವೈದ್ಯರು 40 ವರ್ಷಗಳಿಗೂ ಹೆಚ್ಚು ಕಾಲದಿಂದ ಲೆಕ್ಕ ಹಾಕುತ್ತಲೇ ಬಂದಿದ್ದಾರೆ. ಆ ಲೆಕ್ಕದಲ್ಲಿ ಪಿತ್ತಕೋಶಕ್ಕೆ ಒಂದು ವಿಚಿತ್ರವಾದ ಸ್ಥಾನವಿದೆ.

ಮೊದಲು ನಮ್ಮ ಸೀಮೆಯ ಮಾತು. ದೂರದ ದವಾಖಾನೆಯ ಮೇಲಿನ ನಂಬಿಕೆ ಇಲ್ಲಿ ನಿನ್ನೆ ಮೊನ್ನೆಯದಲ್ಲ. ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ಜೇಮ್ಸ್ ವಾನ್ಲೆಸ್ 1889ರಲ್ಲಿ ಭಾರತಕ್ಕೆ ಬಂದರು. 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಅಲ್ಲಿಂದ ಮುಂದೆ ಬಹುಕಾಲ ಮುಂಬಯಿ ಕರ್ನಾಟಕದವರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ಮಿರಜ. ಬಾಗಲಕೋಟೆಯವರು ರೈಲಿನಲ್ಲಿ ಗದಗ, ಹುಬ್ಬಳ್ಳಿ, ಬೆಳಗಾವಿ ಬಳಸಿಕೊಂಡು ಅಲ್ಲಿಗೆ ಹೋಗಬೇಕಿತ್ತು. ಗದಗ-ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನ ಆಸ್ಪತ್ರೆ ಇತ್ತು. ಆಮೇಲೆ ಹುಬ್ಬಳ್ಳಿಯಲ್ಲಿ 1957ರಲ್ಲಿ, ಬೆಳಗಾವಿಯಲ್ಲಿ 1963ರಲ್ಲಿ, ವಿಜಾಪುರದಲ್ಲಿ 80ರ ದಶಕದಲ್ಲಿ ವೈದ್ಯಕೀಯ ಕಾಲೇಜುಗಳು ಬಂದವು. ಬಾಗಲಕೋಟೆಯ ಸರದಿ ಬಂದದ್ದು ತೀರ ಕೊನೆಗೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟು ಸೆಕ್ಟರುಗಳ ಲೆಕ್ಕದಲ್ಲಿ ನವನಗರ ಕಟ್ಟಿಕೊಂಡದ್ದು, 1997ರಲ್ಲಿ ಜಿಲ್ಲೆಯಾದದ್ದು, 2002ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಆರಂಭವಾದದ್ದು ಎಲ್ಲವೂ ಒಂದರ ಬೆನ್ನಿಗೆ ಒಂದು. ಅದರ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆ, ಸರಕಾರಿ ಜಿಲ್ಲಾ ಆಸ್ಪತ್ರೆ, ಅವುಗಳ ಸುತ್ತ ಹಬ್ಬಿದ ಖಾಸಗಿ ನರ್ಸಿಂಗ್ ಹೋಂಗಳು, ಇವೆಲ್ಲ ಸೇರಿ ಇಂದು ನವನಗರವೇ ಸುತ್ತಲಿನ ತಾಲ್ಲೂಕುಗಳ ಪಾಲಿಗೆ 'ದೊಡ್ಡ ದವಾಖಾನೆಯ ಊರು'. ಇಳಕಲ್ಲಿನವರಿಗೆ ಬಾಗಲಕೋಟೆ ದೊಡ್ಡದು, ಬಾಗಲಕೋಟೆಯವರಿಗೆ ಹುಬ್ಬಳ್ಳಿ, ಹುಬ್ಬಳ್ಳಿಯವರಿಗೆ ಬೆಂಗಳೂರು. ಈ ಏಣಿಗೆ ಕೊನೆಯ ಮೆಟ್ಟಿಲು ಎಂಬುದೇ ಇಲ್ಲ.

ಚಿಕ್ಕ ಊರಿನ ಕೂಸು

ಪಿತ್ತಕೋಶ ಎಂದರೆ ಯಕೃತ್ತಿನ ಕೆಳಗೆ ಅಂಟಿಕೊಂಡಿರುವ, ಸಣ್ಣ ಬದನೆಕಾಯಿಯ ಆಕಾರದ ಒಂದು ಚೀಲ. ಯಕೃತ್ತು ತಯಾರಿಸುವ ಪಿತ್ತರಸವನ್ನು ಕೂಡಿಟ್ಟು, ನಾವು ಎಣ್ಣೆ-ತುಪ್ಪದ ಊಟ ಮಾಡಿದಾಗ ಕರುಳಿಗೆ ಬಿಡುವುದು ಅದರ ಕೆಲಸ. ಆ ರಸ ಹೆಪ್ಪುಗಟ್ಟಿ ಹರಳಾಗುತ್ತದೆ. ಕಿಡ್ನಿಯ ಹರಳಿನಂತೆ ಇದು ನೀರು ಕುಡಿದರೆ ಹೊರಗೆ ಹೋಗುವುದಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು ತಿಂಗಳುಗಟ್ಟಲೆ ಬಾಳೆದಿಂಡಿನ ರಸ ಕುಡಿಯುವವರು ನಮ್ಮಲ್ಲಿ ಕಡಿಮೆಯಿಲ್ಲ.

ಹರಳನ್ನಷ್ಟೇ ತೆಗೆದರೆ ಸಾಲದು, ಹರಳು ಮಾಡುವ ಚೀಲವನ್ನೇ ತೆಗೆಯಬೇಕು ಎಂದು ತೀರ್ಮಾನಿಸಿ ಅದನ್ನು ಮಾಡಿ ತೋರಿಸಿದವರು ಬರ್ಲಿನ್ನಿನ ಲಾಜರಸ್ ಆಸ್ಪತ್ರೆಯ ಕಾರ್ಲ್ ಲಾಂಗೆನ್‌ಬುಖ್. 1882ರ ಜುಲೈ 15ರಂದು, 16 ವರ್ಷಗಳಿಂದ ನೋವುಂಡಿದ್ದ 43ರ ಗಂಡಸಿನ ಪಿತ್ತಕೋಶವನ್ನು ಅವರು ತೆಗೆದರು. ರೋಗಿ ಬದುಕಿದ. ಆರು ವಾರಗಳ ನಂತರ ಮನೆಗೆ ಹೋದ. ಅಲ್ಲಿಂದ ಸುಮಾರು ನೂರು ವರ್ಷ ಈ ವಿಧಾನದಲ್ಲಿ ಮೂಲಭೂತ ಬದಲಾವಣೆ ಆಗಲಿಲ್ಲ. ಬಲ ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ದು, ಕಣ್ಣಾರೆ ನೋಡಿ, ಕೈಯಾರೆ ಬಿಡಿಸಿ ತೆಗೆಯುವುದು. ಕೊಯ್ತ ಎಷ್ಟು ದೊಡ್ಡದೋ ಸರ್ಜನ್ನೂ ಅಷ್ಟು ದೊಡ್ಡವನು ಎಂಬ ಮಾತು ಆ ಕಸುಬಿನಲ್ಲೇ ಚಾಲ್ತಿಯಲ್ಲಿತ್ತು.

ಆ ಮಾತನ್ನು ಮುರಿದವರು ಯಾರು? ಲಂಡನ್ನಿನವರೂ ಅಲ್ಲ, ನ್ಯೂಯಾರ್ಕಿನವರೂ ಅಲ್ಲ. ಜರ್ಮನಿಯ ಬೋಬ್ಲಿಂಗೆನ್ ಎಂಬ ಊರಿನ ಜಿಲ್ಲಾ ಆಸ್ಪತ್ರೆಯ ಎರಿಕ್ ಮ್ಯೂಹೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಬಾಗಲಕೋಟೆಯಂಥ ಊರಿನ ಸರ್ಜನ್. ಹೆಂಗಸರ ಕಾಯಿಲೆಯ ತಜ್ಞರು ಅಷ್ಟರಲ್ಲಾಗಲೇ ಹೊಕ್ಕುಳಿನ ಬಳಿ ತೂತು ಮಾಡಿ, ಕೊಳವೆಯಲ್ಲಿ ಕೂಡಿಸಿದ ದುರ್ಬೀನು ಇಳಿಸಿ ಹೊಟ್ಟೆಯ ಒಳಗನ್ನು ನೋಡುತ್ತಿದ್ದರು. ಕೀಲ್ ನಗರದ ಕುರ್ಟ್ ಸೆಮ್ ಎಂಬ ಸ್ತ್ರೀರೋಗ ತಜ್ಞ 1980ರಲ್ಲಿ ಅದೇ ದಾರಿಯಿಂದ ಅಪೆಂಡಿಕ್ಸ್ ತೆಗೆದು ಸರ್ಜನ್ನರ ಸಿಟ್ಟಿಗೆ ಗುರಿಯಾಗಿದ್ದರು. ಮ್ಯೂಹೆ 1985ರ ಸೆಪ್ಟೆಂಬರ್ 12ರಂದು ಆ ದಾರಿಯಿಂದ ಪಿತ್ತಕೋಶವನ್ನೇ ಹೊರತೆಗೆದರು. ಮರುವರ್ಷ ಜರ್ಮನ್ ಸರ್ಜನ್ನರ ಸಮ್ಮೇಳನದಲ್ಲಿ ಅವರು ಇದನ್ನು ಹೇಳಿದಾಗ ಸಿಕ್ಕಿದ್ದು ಲೇವಡಿ. 'ಮಿಕ್ಕಿ ಮೌಸ್ ಶಸ್ತ್ರಚಿಕಿತ್ಸೆ' ಎಂದು ನಕ್ಕರಂತೆ. ದೊಡ್ಡ ಸಂಸ್ಥೆಯ ಪ್ರೊಫೆಸರ್ ಹೇಳಿದ್ದರೆ ಹೀಗೆ ನಗುತ್ತಿದ್ದರೋ ಇಲ್ಲವೋ! 1992ರಲ್ಲಿ ಅದೇ ಸಂಘ ಅವರನ್ನು ಕರೆದು ಪುರಸ್ಕರಿಸಿತು. ಅಷ್ಟರಲ್ಲಿ ಜಗತ್ತೇ ಆ ದಾರಿ ಹಿಡಿದಿತ್ತು.

ಫ್ರಾನ್ಸಿನ ಕಥೆಯೂ ಇದೇ. 1987ರ ಮಾರ್ಚ್‌ನಲ್ಲಿ ಲಿಯೋನ್ ನಗರದ ಖಾಸಗಿ ವೈದ್ಯ ಫಿಲಿಪ್ ಮೂರೆ, ಮಹಿಳೆಯೊಬ್ಬರ ಸ್ತ್ರೀರೋಗ ಚಿಕಿತ್ಸೆಗೆಂದು ಇಳಿಸಿದ ದುರ್ಬೀನನ್ನೇ ಮೇಲಕ್ಕೆ ತಿರುಗಿಸಿ ಪಿತ್ತಕೋಶವನ್ನೂ ತೆಗೆದರು. ಅವರಿಂದ ಪ್ಯಾರಿಸ್ಸಿನ ಡುಬುವಾ, ಬೋರ್ಡೋ ನಗರದ ಪೆರಿಸ್ಸಾ ಮುಂತಾದವರಿಗೆ ಹಬ್ಬಿತು. ಅಮೆರಿಕದಲ್ಲಿ ಇದನ್ನು 1988ರಲ್ಲಿ ಮೊದಲು ಮಾಡಿದವರು ಜಾರ್ಜಿಯಾ ರಾಜ್ಯದ ಮರಿಯೆಟ್ಟಾ ಎಂಬ ಊರಿನವರು. ಅಷ್ಟು ಹೊತ್ತಿಗೆ ದುರ್ಬೀನಿನ ತುದಿಗೆ ಸಣ್ಣ ವಿಡಿಯೋ ಕ್ಯಾಮೆರಾ ಕೂಡಿಸುವುದು ಸಾಧ್ಯವಾಗಿತ್ತು. ಅದುವರೆಗೆ ಒಬ್ಬನೇ ಒಂದು ಕಣ್ಣು ಮುಚ್ಚಿ ಇಣುಕಬೇಕಿತ್ತು. ಈಗ ಕೋಣೆಯಲ್ಲಿದ್ದವರೆಲ್ಲ ಟಿವಿ ಪರದೆಯ ಮೇಲೆ ನೋಡಬಹುದಾಯಿತು, ಒಬ್ಬರು ಕ್ಯಾಮೆರಾ ಹಿಡಿದರೆ ಇನ್ನೊಬ್ಬರು ಎರಡೂ ಕೈಯಿಂದ ಕೆಲಸ ಮಾಡಬಹುದಾಯಿತು.

ಭಾರತದಲ್ಲಿ ಮಾತ್ರ ಇದು ದೊಡ್ಡ ಆಸ್ಪತ್ರೆಯಿಂದಲೇ ಶುರುವಾಯಿತು. ಮುಂಬಯಿಯ ಸರಕಾರಿ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್‌ಟನ್ ಉಡ್ವಾಡಿಯಾ 1990ರ ಮೇ 31ರಂದು ಮೊದಲ ಶಸ್ತ್ರಚಿಕಿತ್ಸೆ ಮಾಡಿದರು. ಆದರೆ ಅವರದು ದಿಢೀರ್ ಸಾಹಸವಲ್ಲ. 1972ರಿಂದಲೇ ಅವರು ಬಡ ರೋಗಿಗಳ ಹೊಟ್ಟೆಯ ಕಾಯಿಲೆ ಪತ್ತೆಹಚ್ಚಲು ಉದರದರ್ಶಕ ಬಳಸುತ್ತಿದ್ದರು. ದುಬಾರಿ ಸ್ಕ್ಯಾನ್ ಯಂತ್ರಗಳಿಲ್ಲದ ಕಡೆ ಈ ಕೊಳವೆಯೇ ಬಡವರ ಕಣ್ಣು ಎಂಬ ನಿಲುವು ಅವರದು. 2017ರಲ್ಲಿ ಪದ್ಮಭೂಷಣ ಪಡೆದ ಅವರು 2023ರ ಜನವರಿಯಲ್ಲಿ ತೀರಿಕೊಂಡರು.

ಇಲ್ಲಿ ಒಂದು ಸ್ವಾರಸ್ಯವಿದೆ. ನಗರದ ಅನೇಕ ಸರ್ಜನ್ನರಿಗಿಂತ ಮೊದಲೇ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ 'ಲ್ಯಾಪ್ರೋಸ್ಕೋಪಿ' ಎಂಬ ಶಬ್ದ ಗೊತ್ತಿತ್ತು. 80ರ ದಶಕದ ಕುಟುಂಬ ಯೋಜನೆ ಕ್ಯಾಂಪುಗಳಲ್ಲಿ ನಡೆಯುತ್ತಿದ್ದುದು ಅದೇ ಕೊಳವೆಯ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಶಾಲೆಯ ಕೋಣೆಯಲ್ಲಿ ಸಾಲಾಗಿ ಮಲಗಿ ಮಾಡಿಸಿಕೊಂಡವರ ಮಕ್ಕಳು ಇಂದು ಅದೇ ವಿಧಾನಕ್ಕೆ ಹವಾನಿಯಂತ್ರಿತ ಕೋಣೆ ಹುಡುಕುತ್ತಾರೆ. ಕ್ಯಾಂಪಿನ ಮಾತಿಗೆ ಮತ್ತೆ ಬರಬೇಕಿದೆ.

ಮೊದಲ ಹದಿಮೂರು ಮಂದಿ

ಹೊಸ ವಿಧಾನದ ಲಾಭ ಕಣ್ಣಿಗೆ ಹೊಡೆಯುವಂತಿತ್ತು. ಹೊಕ್ಕುಳಿನ ಬಳಿ ಸೂಜಿ ಇಳಿಸಿ ಇಂಗಾಲದ ಡೈ ಆಕ್ಸೈಡ್ ತುಂಬಿದರೆ ಹೊಟ್ಟೆ ಗುಡಾರದಂತೆ ಉಬ್ಬುತ್ತದೆ. ಆಮೇಲೆ ಬೆರಳು ಗಾತ್ರದ ಎರಡು, ಪೆನ್ಸಿಲ್ ಗಾತ್ರದ ಎರಡು ತೂತು. ಪಿತ್ತಕೋಶಕ್ಕೆ ಹೋಗುವ ಒಂದು ರಕ್ತನಾಳ, ಅದರಿಂದ ಹೊರಡುವ ಒಂದು ಸಣ್ಣ ಪಿತ್ತನಾಳ, ಎರಡಕ್ಕೂ ಲೋಹದ ಕ್ಲಿಪ್ಪು ಹಾಕಿ ಕತ್ತರಿಸಿ, ಚೀಲವನ್ನು ಯಕೃತ್ತಿನಿಂದ ಬಿಡಿಸಿ ತೂತಿನಿಂದಲೇ ಎಳೆದುಕೊಳ್ಳುವುದು. ಗೇಣುದ್ದದ ಗಾಯವಿಲ್ಲ, ಕೆಮ್ಮಿದರೆ ಹೊಲಿಗೆ ಎಳೆಯುವ ನೋವಿಲ್ಲ. ಕೂಲಿಯವರಿಗೆ ತಿಂಗಳ ದುಡಿಮೆ ತಪ್ಪುವುದಿಲ್ಲ. ನಮ್ಮಂಥ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಮಗ್ಗದ ಮುಂದೆ ಕೂರುವವರಿಗೆ, ಕಲ್ಲುಗಣಿಗೆ ಹೋಗುವವರಿಗೆ ದಿನದ ಲೆಕ್ಕವೇ ಜೀವನದ ಲೆಕ್ಕ.

ಜನ ತಾವಾಗಿ ಕೇಳಿಕೊಂಡು ಬರತೊಡಗಿದರು. ಸರ್ಜನ್ನರು ಎರಡು ದಿನದ ತರಬೇತಿ ಪಡೆದು ಶುರುಹಚ್ಚಿಕೊಂಡರು. ಅಲ್ಲಿಗೆ ತೊಂದರೆಯೂ ಶುರುವಾಯಿತು.

ಪಿತ್ತಕೋಶದ ಸಣ್ಣ ನಾಳ ಹೋಗಿ ಕೂಡುವುದು ಯಕೃತ್ತಿನಿಂದ ಕರುಳಿಗೆ ಇಳಿಯುವ ಮುಖ್ಯ ಪಿತ್ತನಾಳಕ್ಕೆ. ಹೊಲದ ಕಾಲುವೆ ಮುಖ್ಯ ಕಾಲುವೆಗೆ ಕೂಡಿದ ಹಾಗೆ. ಚೀಲವನ್ನು ಎಳೆದು ಹಿಡಿದಾಗ ಎರಡೂ ಒಂದೇ ಸಾಲಿಗೆ ಬಂದು, ಮುಖ್ಯ ನಾಳವೇ ಸಣ್ಣ ನಾಳದಂತೆ ಕಾಣುವುದುಂಟು. ಅದಕ್ಕೇ ಕ್ಲಿಪ್ಪು ಹಾಕಿ ಕತ್ತರಿಸಿದರೆ ಮುಗಿಯಿತು. ಕಾಮಣಿ, ಸೋಂಕು, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ. ನಾಲ್ಕು ತೂತಿನ ಕೆಲಸ ಜೀವಮಾನದ ಕಾಯಿಲೆಯಾಗುತ್ತದೆ. ಹೊಟ್ಟೆ ಕೊಯ್ದು ಮಾಡುತ್ತಿದ್ದ ಕಾಲದಲ್ಲಿ ಈ ಅವಘಡ ಸಾವಿರಕ್ಕೆ ಒಂದೆರಡು. ಹೊಸ ವಿಧಾನದ ಆರಂಭದ ವರ್ಷಗಳಲ್ಲಿ ಅದು ಸಾವಿರಕ್ಕೆ ಐದರ ಆಸುಪಾಸಿಗೆ ಏರಿತು.

ಅಮೆರಿಕದ ದಕ್ಷಿಣ ರಾಜ್ಯಗಳ ಸರ್ಜನ್ನರ ಬಳಗವೊಂದು 1991ರಲ್ಲಿ ತಮ್ಮ 1,518 ರೋಗಿಗಳ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ಒಟ್ಟು ಏಳು ಮಂದಿಗೆ ಮುಖ್ಯ ನಾಳಕ್ಕೆ ಪೆಟ್ಟಾಗಿತ್ತು. ಆ ಲೆಕ್ಕವನ್ನು ಬಿಡಿಸಿ ನೋಡಿದಾಗ ಹೊರಬಿದ್ದ ಸಂಗತಿ ಇಂದಿಗೂ ವೈದ್ಯರ ಪಾಠಗಳಲ್ಲಿದೆ. ಪ್ರತಿಯೊಂದು ತಂಡದ ಮೊದಲ 13 ರೋಗಿಗಳಲ್ಲಿ ಅವಘಡದ ಪ್ರಮಾಣ ನೂರಕ್ಕೆ 2.2, ಆಮೇಲಿನವರಲ್ಲಿ ನೂರಕ್ಕೆ 0.1. ಅಂದರೆ ಇಪ್ಪತ್ತೆರಡು ಪಟ್ಟು ವ್ಯತ್ಯಾಸ. ಅದೇ ಸರ್ಜನ್ನರು, ಅದೇ ಆಸ್ಪತ್ರೆ, ಅದೇ ಯಂತ್ರ. ಬದಲಾದದ್ದು ಕೈಯ ಪಳಗುವಿಕೆ ಒಂದೇ. ಆ ಮೊದಲ ಹದಿಮೂರರಲ್ಲಿ ತಾವೊಬ್ಬರು ಎಂಬುದು ಆ ರೋಗಿಗಳಿಗೆ ಗೊತ್ತಿತ್ತೇ? ನನಗೆ ಆ ವರದಿಯಲ್ಲಿ ಎಲ್ಲಕ್ಕಿಂತ ಕಾಡಿದ ಪ್ರಶ್ನೆ ಇದು.

ನ್ಯೂಯಾರ್ಕ್ ರಾಜ್ಯ 1992ರಲ್ಲಿ ಕಟ್ಟುನಿಟ್ಟು ಮಾಡಿತು. ಪಳಗಿದವರ ಮೇಲ್ವಿಚಾರಣೆಯಲ್ಲಿ ಕನಿಷ್ಠ 15 ಶಸ್ತ್ರಚಿಕಿತ್ಸೆ ಮಾಡಿದ ಮೇಲೆಯೇ ಸ್ವತಂತ್ರವಾಗಿ ಮಾಡಬೇಕು ಎಂಬುದು ಅದರ ಸೂಚನೆ. 1995ರಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್, ಕತ್ತರಿಸುವ ಮೊದಲು ಚೀಲದ ಬುಡವನ್ನು ಪೂರ್ತಿ ಬಿಡಿಸಿ, ಎರಡೇ ಎರಡು ಎಳೆಗಳು ಚೀಲಕ್ಕೆ ಹೋಗುತ್ತಿರುವುದನ್ನು ಖಚಿತವಾಗಿ ಕಂಡ ಮೇಲೆಯೇ ಕತ್ತರಿ ಆಡಿಸಬೇಕು ಎಂಬ ನಿಯಮವನ್ನು ವಿವರಿಸಿದರು. ಇದಕ್ಕೆ ಹೊಸ ಯಂತ್ರವೂ ಬೇಡ, ದೊಡ್ಡ ಕಟ್ಟಡವೂ ಬೇಡ. ತಾಳ್ಮೆ ಬೇಕು.

ತಾಳ್ಮೆ ಏಕೆಂದರೆ ಪಳಗಿದವರ ಕಣ್ಣೂ ಮೋಸ ಹೋಗುತ್ತದೆ. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲಾರೆನ್ಸ್ ವೇ ಮತ್ತು ಸಂಗಡಿಗರು 252 ಅವಘಡಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವುಗಳಲ್ಲಿ ನೂರಕ್ಕೆ 97ರ ಮೂಲ ಕಾರಣ ಕೈತಪ್ಪಲ್ಲ, ಕಣ್ಣಿನ ಭ್ರಮೆ ಎಂದು ತೋರಿಸಿದರು. ಸರ್ಜನ್ ತಾನು ಸರಿಯಾದ ನಾಳವನ್ನೇ ಕತ್ತರಿಸುತ್ತಿದ್ದೇನೆ ಎಂದು ಪೂರ್ತಿ ನಂಬಿಯೇ ಕತ್ತರಿಸಿರುತ್ತಾನೆ. ಅಮೆರಿಕದ ಇನ್ನೊಂದು ಸಮೀಕ್ಷೆಯಲ್ಲಿ, ಇಂಥ ಅವಘಡಗಳಲ್ಲಿ ಮೂರರಲ್ಲೊಂದು ಪಾಲು 200ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದ ಮೇಲಿನವು ಎಂದು ಕಂಡುಬಂತು.

ಗಾತ್ರದ ಲೆಕ್ಕ

ಈಗ ಹಿರಿಯರ ಪ್ರಶ್ನೆಗೆ ಬರೋಣ. ದೊಡ್ಡ ಆಸ್ಪತ್ರೆ ಎಂದರೇನು? ಹಾಸಿಗೆ ಹೆಚ್ಚಿರುವುದೋ, ಲಿಫ್ಟು ಇರುವುದೋ, ಅಥವಾ ಒಂದು ನಿರ್ದಿಷ್ಟ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಹೆಚ್ಚು ಸಲ ಮಾಡುವುದೋ? ಜನಸಾಮಾನ್ಯರು ನೋಡುವುದು ಕಟ್ಟಡವನ್ನು. ಸಂಶೋಧಕರು ಎಣಿಸುವುದು ಕೊನೆಯದನ್ನು.

ಹೀಗೆ ಎಣಿಸಿದವರಲ್ಲಿ ಮೊದಲಿಗರು ಅಮೆರಿಕದ ಹೆರಾಲ್ಡ್ ಲುಫ್ಟ್, ಜಾನ್ ಬಂಕರ್, ಅಲೈನ್ ಎಂಥೋವನ್. 1979ರಲ್ಲಿ ಅವರು 1,498 ಆಸ್ಪತ್ರೆಗಳ 12 ಬಗೆಯ ಶಸ್ತ್ರಚಿಕಿತ್ಸೆಗಳ ಲೆಕ್ಕ ತೆಗೆದರು. ಹೃದಯದ ಶಸ್ತ್ರಚಿಕಿತ್ಸೆಯಂಥವನ್ನು ವರ್ಷಕ್ಕೆ 200ಕ್ಕಿಂತ ಹೆಚ್ಚು ಮಾಡುವ ಕಡೆ ಸಾವು ನೂರಕ್ಕೆ 25ರಿಂದ 41ರಷ್ಟು ಕಡಿಮೆ. ಹೆಚ್ಚು ಮಾಡಿದವರೇ ಮೇಲು ಎಂಬುದು ಸಿದ್ಧವಾಯಿತು. ಆದರೆ ಪಟ್ಟಿಯಲ್ಲಿ ಪಿತ್ತಕೋಶವೂ ಇತ್ತು. ಅದರಲ್ಲಿ ಮಾತ್ರ ಎಷ್ಟು ಮಾಡುತ್ತಾರೆ ಎಂಬುದಕ್ಕೂ ಎಷ್ಟು ಜನ ಸಾಯುತ್ತಾರೆ ಎಂಬುದಕ್ಕೂ ಸಂಬಂಧವೇ ಕಾಣಲಿಲ್ಲ! ಅದು ಹೊಟ್ಟೆ ಕೊಯ್ಯುತ್ತಿದ್ದ ಕಾಲದ ಲೆಕ್ಕ ಎಂಬುದನ್ನು ನೆನಪಿಡಬೇಕು.

ಪಿತ್ತಕೋಶದ ಪಕ್ಕದಲ್ಲೇ ಇರುವ ಮೇದೋಜೀರಕ ಗ್ರಂಥಿಯ ಕಥೆ ಇದಕ್ಕೆ ತದ್ವಿರುದ್ಧ. ಅದರ ಕ್ಯಾನ್ಸರ್ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಅಪರೂಪಕ್ಕೆ ಮಾಡುವ ಅಮೆರಿಕದ ಆಸ್ಪತ್ರೆಗಳಲ್ಲಿ ನೂರಕ್ಕೆ 16.3 ಮಂದಿ ಸತ್ತರೆ, ಹೆಚ್ಚು ಮಾಡುವ ಕಡೆ 3.8 ಎಂದು 2002ರಲ್ಲಿ ಜಾನ್ ಬರ್ಕ್‌ಮೈಯರ್ ತಂಡ ಲೆಕ್ಕ ಕೊಟ್ಟಿತು. ಅಂಥ ಕಾಯಿಲೆಗೆ ಆಸ್ತಿ ಮಾರಿಯಾದರೂ ದೊಡ್ಡ ಕೇಂದ್ರಕ್ಕೆ ಹೋಗಬೇಕೆನ್ನುವ ಹಿರಿಯರ ಮಾತು ನೂರಕ್ಕೆ ನೂರು ಸರಿ. ಒಂದೇ ಹೊಟ್ಟೆ, ನಾಲ್ಕು ಬೆರಳಿನ ಅಂತರ, ಉತ್ತರ ಮಾತ್ರ ಬೇರೆ.

ಕಿಂಡಿ ಶಸ್ತ್ರಚಿಕಿತ್ಸೆಯ ಕಾಲಕ್ಕೆ ಹೊಂದುವ ಉತ್ತರ ಸ್ಕಾಟ್ಲೆಂಡಿನಿಂದ ಬಂತು. ಅಲ್ಲಿ 1998ರಿಂದ 2007ರವರೆಗೆ ಪಿತ್ತಕೋಶ ತೆಗೆಸಿಕೊಂಡ ಸುಮಾರು 60 ಸಾವಿರ ಜನರ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆಸ್ಪತ್ರೆ ವರ್ಷಕ್ಕೆ ಎಷ್ಟು ಮಾಡುತ್ತದೆ ಎಂಬುದರಿಂದ ವ್ಯತ್ಯಾಸ ಆಗುತ್ತದೆ, ನಿಜ. ಆದರೆ ಆರೋಗ್ಯವಾಗಿರುವ, ಮುಂಚಿತವಾಗಿ ದಿನ ಗೊತ್ತು ಮಾಡಿಕೊಂಡು ಬರುವ ಸಾಮಾನ್ಯ ರೋಗಿಗೆ ಆ ವ್ಯತ್ಯಾಸ ಗಣನೆಗೆ ಬಾರದಷ್ಟು ಚಿಕ್ಕದು. ವಯಸ್ಸಾದವರು, ಬೇರೆ ಕಾಯಿಲೆ ಇದ್ದವರು, ತುರ್ತಾಗಿ ದಾಖಲಾದವರಂಥ ಹೆಚ್ಚು ಅಪಾಯದ ರೋಗಿಗಳಿಗೆ ಮಾತ್ರ ಅದು ಗಣನೆಗೆ ಬರುತ್ತದೆ.

ಇದನ್ನು ನವನಗರಕ್ಕೆ ತಂದು ಹೇಳುವುದಾದರೆ ಹೀಗೆ. 35ರ ಹೆಣ್ಣುಮಗಳು, ಸಕ್ಕರೆ ಕಾಯಿಲೆಯಿಲ್ಲ, ಕಾಮಣಿ ಬಂದಿಲ್ಲ, ನೋವು ಬಂದು ಹೋಗುತ್ತದೆ. ಇಂಥವರನ್ನು ಸುಮಾರು 120 ಕಿಲೋಮೀಟರು ದೂರದ ಹುಬ್ಬಳ್ಳಿಗೆ ಒಯ್ಯುವುದರಿಂದ ಸಿಗುವ ಹೆಚ್ಚಿನ ರಕ್ಷಣೆ ಬಲು ಕಡಿಮೆ. ಇಲ್ಲಿಯೇ ಪಳಗಿದ ಕೈ ಸಿಕ್ಕರೆ ಸಾಕು. 70ರ ಹಿರಿಯರು, ಹೃದಯ ದುರ್ಬಲ, ಪಿತ್ತಕೋಶ ಕೀವು ತುಂಬಿ ಜ್ವರ ಬಂದಿದೆ, ಕಣ್ಣು ಹಳದಿಯಾಗಿದೆ. ಇವರಿಗೆ ಹತ್ತು ಹಾಸಿಗೆಯ ನರ್ಸಿಂಗ್ ಹೋಂ ಸಾಲದು. ತೀವ್ರ ನಿಗಾ ಘಟಕ, ರಕ್ತನಿಧಿ, ಎಂಡೋಸ್ಕೋಪಿಯಿಂದ ನಾಳದ ಹರಳು ತೆಗೆಯುವವರು ಇರುವ ಜಾಗವೇ ಬೇಕು. ನಮ್ಮಲ್ಲಿ ಬಹಳ ಸಲ ನಡೆಯುವುದು ಇದರ ತಿರುವುಮುರುವು. ಗಟ್ಟಿಮುಟ್ಟಾದ ಎಳೆಯರನ್ನು ಕಾರು ಮಾಡಿಕೊಂಡು ದೂರದೂರಿಗೆ ಒಯ್ಯುತ್ತಾರೆ, ಹಣ್ಣಾದ ಮುದುಕರನ್ನು "ಇನ್ನೇನು ಅಷ್ಟು ದೂರ" ಎಂದು ಹತ್ತಿರದಲ್ಲೇ ಮುಗಿಸುತ್ತಾರೆ.

ಹೆಚ್ಚು ಮಾಡಿದವರೇ ಮೇಲು ಎಂಬ ಮಾತಿಗೆ ಇನ್ನೊಂದು ಮಿತಿಯಿದೆ. ಅದಕ್ಕೇ ಕ್ಯಾಂಪಿನ ಮಾತಿಗೆ ಮರಳಬೇಕೆಂದದ್ದು. ಛತ್ತೀಸಗಡದ ಬಿಲಾಸಪುರದ ಬಳಿ 2014ರ ನವೆಂಬರ್ 8ರಂದು ನಡೆದ ಸಂತಾನಹರಣ ಕ್ಯಾಂಪಿನಲ್ಲಿ ಒಬ್ಬರೇ ಸರ್ಜನ್ ಕೆಲವೇ ತಾಸುಗಳಲ್ಲಿ 83 ಹೆಂಗಸರಿಗೆ ಉದರದರ್ಶಕ ಶಸ್ತ್ರಚಿಕಿತ್ಸೆ ಮಾಡಿದರು. 13 ಮಂದಿ ಸತ್ತರು. ಮದ್ದು ಕೆಟ್ಟಿತ್ತೋ ಸೋಂಕು ತಗುಲಿತೋ ಎಂಬ ವಾದ ಬಹಳ ದಿನ ನಡೆಯಿತು. ಆ ಸರ್ಜನ್ ಅನನುಭವಿಯಲ್ಲ. 50 ಸಾವಿರ ಶಸ್ತ್ರಚಿಕಿತ್ಸೆ ಮಾಡಿದ್ದಕ್ಕಾಗಿ ಸರಕಾರದಿಂದ ಸನ್ಮಾನ ಪಡೆದವರು. ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಸಂಖ್ಯೆ ಕೈಯನ್ನು ಪಳಗಿಸುತ್ತದೆ. ಸಂಖ್ಯೆಯೇ ಗುರಿಯಾದಾಗ ರೋಗಿಗಳು ಬರೀ ನಂಬರುಗಳಾಗುತ್ತಾರೆ.

ಸಂಖ್ಯೆಯ ಆಸೆ ಇನ್ನೊಂದು ಬಗೆಯಲ್ಲೂ ಕೆಲಸ ಮಾಡುತ್ತದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಹೊಸ ವಿಧಾನ ಬರುವ ಮೊದಲು, 1987-89ರಲ್ಲಿ, ಸಾವಿರ ಜನರಲ್ಲಿ ವರ್ಷಕ್ಕೆ 1.69 ಮಂದಿ ಪಿತ್ತಕೋಶ ತೆಗೆಸಿಕೊಳ್ಳುತ್ತಿದ್ದರು. 1992ಕ್ಕೆ ಅದು 2.17ಕ್ಕೆ ಏರಿತು. ಪ್ರತಿ ಶಸ್ತ್ರಚಿಕಿತ್ಸೆಗೆ ಸಾವಿನ ಪ್ರಮಾಣ ಮೂರರಲ್ಲೊಂದು ಪಾಲು ಇಳಿಯಿತು. ಆದರೆ ಮಾಡಿಸಿಕೊಳ್ಳುವವರೇ ಹೆಚ್ಚಾದ್ದರಿಂದ ಒಟ್ಟು ಸತ್ತವರ ಸಂಖ್ಯೆ ಬದಲಾಗಲಿಲ್ಲ! ಸುಲಭವಾಯಿತೆಂದು ಬೇಡದವರಿಗೂ ಮಾಡಿದರೇ ಎಂಬ ಅನುಮಾನ ಅಲ್ಲಿಂದ ಹುಟ್ಟಿತು. ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಆಕಸ್ಮಿಕವಾಗಿ ಕಂಡ, ಒಮ್ಮೆಯೂ ನೋವು ಕೊಡದ ಹರಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕಿಲ್ಲ ಎಂಬುದು ಇಂದು ವೈದ್ಯಶಾಸ್ತ್ರ ಒಪ್ಪಿದ ಮಾತು. ಆ ರೋಗಿಗೆ ಅತ್ಯಂತ ಸುರಕ್ಷಿತವಾದ ಆಸ್ಪತ್ರೆ ಅವರ ಮನೆಯೇ.

ನಮ್ಮಲ್ಲಿ ಹಣದ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಸಹಕಾರ ಸಂಘದ ರೈತರಿಗಾಗಿ 2003ರ ಜೂನ್‌ನಿಂದ ಜಾರಿಗೆ ಬಂದ ಯಶಸ್ವಿನಿ ಯೋಜನೆ, ವರ್ಷಕ್ಕೆ 60 ರೂಪಾಯಿ ಕಟ್ಟಿದವರಿಗೂ ಪಟ್ಟಿಯಲ್ಲಿನ ಖಾಸಗಿ ಆಸ್ಪತ್ರೆಯ ಬಾಗಿಲು ತೆರೆಯಿತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ, 2023ರ ಜನವರಿಯಿಂದ ಮತ್ತೆ ಪ್ರತ್ಯೇಕವಾಗಿ ನಡೆಯತೊಡಗಿತು. ಯಾವ ದವಾಖಾನೆ ಎಂಬ ಪ್ರಶ್ನೆಗೆ ಈಗ ಅನೇಕ ಮನೆಗಳಲ್ಲಿ ಉತ್ತರ ಕೊಡುವುದು ಕಾರ್ಡು. ಕಾರ್ಡು ಎಲ್ಲಿ ನಡೆಯುತ್ತದೋ ಅಲ್ಲಿಗೆ. ಯೋಜನೆಯ ಪಟ್ಟಿಗಳಲ್ಲಿ ಆಸ್ಪತ್ರೆಯ ಹೆಸರಿರುತ್ತದೆ. ಆ ಸರ್ಜನ್ ಕಳೆದ ವರ್ಷ ಎಷ್ಟು ಪಿತ್ತಕೋಶ ತೆಗೆದರು, ಎಷ್ಟರಲ್ಲಿ ತೊಂದರೆಯಾಯಿತು ಎಂಬ ಕಲಮನ್ನೂ ಸೇರಿಸಿದರೆ ಹಳ್ಳಿಯವರು ಓದಿ ಅರ್ಥ ಮಾಡಿಕೊಳ್ಳಲಾರರು ಎಂದೇನೂ ನನಗೆ ಅನ್ನಿಸುವುದಿಲ್ಲ. ಹತ್ತಿಯ ದರ ಓದುವವರಿಗೆ ಇದು ಕಷ್ಟವಲ್ಲ.

ಗಾತ್ರ ನಿಜಕ್ಕೂ ಜೀವ ಉಳಿಸುವ ಘಳಿಗೆ ಒಂದಿದೆ. ಅದು ಅವಘಡ ಆದ ಮೇಲಿನದು. ಮುಖ್ಯ ನಾಳಕ್ಕೆ ಪೆಟ್ಟು ಬಿದ್ದಾಗ ಅದೇ ಸರ್ಜನ್ ಅಲ್ಲೇ ರಿಪೇರಿಗೆ ಕೈಹಾಕಿದರೆ ಯಶಸ್ಸು ನೂರಕ್ಕೆ 17, ಪಿತ್ತನಾಳದ ತಜ್ಞರಿರುವ ದೊಡ್ಡ ಕೇಂದ್ರದಲ್ಲಿ ಮಾಡಿದರೆ ನೂರಕ್ಕೆ 94 ಎಂದು ಸ್ಟೀವರ್ಟ್ ಮತ್ತು ಮೇಲೆ ಹೇಳಿದ ವೇ 1995ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಸಣ್ಣ ಆಸ್ಪತ್ರೆಯ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ "ನಿಮ್ಮಲ್ಲಿ ಎಷ್ಟು ಹಾಸಿಗೆ" ಎಂಬುದಲ್ಲ. ನೀವು ಇಂಥವನ್ನು ಎಷ್ಟು ಮಾಡಿದ್ದೀರಿ? ಒಳಗೆ ಸ್ಪಷ್ಟವಾಗಿ ಕಾಣದಿದ್ದರೆ ಹೊಟ್ಟೆ ತೆರೆಯುತ್ತೀರಾ? ಏನಾದರೂ ಎಡವಟ್ಟಾದರೆ ಯಾರಿಗೆ ಫೋನು ಮಾಡುತ್ತೀರಿ, ಎಲ್ಲಿಗೆ ಕಳಿಸುತ್ತೀರಿ? ಈ ಮೂರಕ್ಕೆ ಸಿಟ್ಟಾಗದೆ ಉತ್ತರ ಕೊಡುವ ಸರ್ಜನ್ ಸಿಕ್ಕರೆ ಅರ್ಧ ಚಿಂತೆ ಕಳೆದಂತೆ.

ನಡುವಿನ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ಕಿಂಡಿಯಿಂದ ಶುರುಮಾಡಿ ಕೊನೆಗೆ ಹೊಟ್ಟೆ ತೆರೆದರೆ ಡಾಕ್ಟರು ಸೋತರು ಎಂದೇ ಊರಲ್ಲಿ ಮಾತಾಗುತ್ತದೆ. 1991ರ ಆ 1,518 ಮಂದಿಯಲ್ಲಿ 72 ಮಂದಿಗೆ ಹಾಗೆ ಮಾಡಬೇಕಾಗಿ ಬಂದಿತ್ತು. ಅಂಟಿಕೊಂಡು ಗಂಟಾದ ಪಿತ್ತಕೋಶದ ಮುಂದೆ ಕತ್ತರಿ ಕೆಳಗಿಟ್ಟು ಹೊಟ್ಟೆ ತೆರೆಯಲು ಧೈರ್ಯ ಬೇಕು, ಅದಕ್ಕಿಂತ ಹೆಚ್ಚಾಗಿ ತೆರೆದು ಮಾಡಿ ಗೊತ್ತಿರಬೇಕು. ಜಿಲ್ಲಾ ಊರುಗಳಲ್ಲಿ ಆ ವಿದ್ಯೆ ಬಲ್ಲವರು 90ರ ದಶಕಕ್ಕೆ ಮೊದಲು ಕಲಿತ ಸರ್ಜನ್ನರು. ಗೇಣುದ್ದದ ಕೊಯ್ತದಲ್ಲಿ ಕಣ್ಣಾರೆ ನೋಡಿ ನೂರಾರು ಪಿತ್ತಕೋಶ ತೆಗೆದವರು. ಈಗಿನ ಕಿರಿಯ ಸರ್ಜನ್ನರು ಪರದೆಯ ಮೇಲೆ ನೋಡಿಯೇ ಕಲಿತವರು. ತೆರೆದು ಮಾಡುವ ಅವಕಾಶ ಅವರಿಗೆ ಓದುವಾಗ ಸಿಕ್ಕಿದ್ದೇ ಅಪರೂಪ. ಹಿರಿಯರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ.